ಬಾವನ ಗೂಡಿನ ಮುಂದೆ ಕಡಿದ ಕಾಲುವೆ

ಕಳೆದ ವಾರ ಒಣ ಶೆಟ್ಲಿ, ಅಂದರೆ ಸಣ್ಣ ಸೀಗಡಿ, ತರಲೆಂದು ಕಾಸರಕೋಡಿನ ಟೊಂಕದ ಮೀನುಗಾರರ ದಂಡೆಗೆ ಹೋಗಿದ್ದೆ. ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆದಿತ್ತು. ಮರಳಿನ ಮೇಲೆ ಹರವಿದ್ದ ಶೆಟ್ಲಿಯೆಲ್ಲ ನೆನೆದು, ಬೆಳಗಿನ ಬಿಸಿಲಿಗೆ ಅರ್ಧ ಒಣಗಿ ಅರ್ಧ ಕೊಳೆತು, ಸೇತುವೆ ದಾಟುವ ಮೊದಲೇ ಮೂಗಿಗೆ ಹೊಡೆಯುವ ನಾತ ಎದ್ದಿತ್ತು. ಸ್ಕೂಟರ್ ನಿಲ್ಲಿಸಿದವನು ಹಾಗೇ ನಿಂತುಬಿಟ್ಟೆ. ಹಾಳಾದ ಶೆಟ್ಲಿಯನ್ನು ಬುಟ್ಟಿಗೆ ಬಾಚುತ್ತಿದ್ದ ಹೆಂಗಸು ತಲೆಯೆತ್ತಿ, "ಎಂತ ನಾಯ್ಕ್ರೇ, ಬರೀ ವಾಸ್ನೆ ತಕಂಡು ಹೋಗುಕೆ ಬಂದ್ರ್ಯಾ? ಅದಾದ್ರೆ ಪುಕ್ಕಟೆ" ಎಂದಳು.

ಅವಳಿಗೆ ಏನಂತ ಹೇಳುವುದು? ಅಂಟಾರ್ಕ್ಟಿಕಾ ಎಂದೊಡನೆ ಜನ ಬಿಳಿ ಬಣ್ಣ ನೆನೆಸಿಕೊಳ್ಳುತ್ತಾರೆ, ಚಳಿ ನೆನೆಸಿಕೊಳ್ಳುತ್ತಾರೆ. ನನಗೆ ನೆನಪಾಗುವುದು ಈ ನಾತ. ಅಲ್ಲಿಯ ಪೆಂಗ್ವಿನ್‌ಗಳು ತಿನ್ನುವ ಕ್ರಿಲ್ ಎಂಬುದು ನಮ್ಮ ಶೆಟ್ಲಿಯಂಥದೇ ಕೆಂಪನೆಯ ಸಣ್ಣ ಜೀವಿ. ತಿಂದದ್ದೆಲ್ಲ ಬಂಡೆಗಳ ಮೇಲೆ ಗುಲಾಬಿ ಬಣ್ಣದ ಹಿಕ್ಕೆಯಾಗಿ ಬೀಳುತ್ತದೆ, ಸಾವಿರಾರು ಹಕ್ಕಿಗಳ ಹಿಕ್ಕೆ. ಬಿಸಿಲು ಬಿದ್ದರೆ ಟೊಂಕದ ಮಳೆಗೆ ನೆಂದ ಶೆಟ್ಲಿಯೇ ಸೈ. ನನ್ನ ಬಟ್ಟೆಯಿಂದ ಆ ವಾಸನೆ ಹೋಗಲು ಊರಿಗೆ ಬಂದ ಮೇಲೂ ಬಹಳ ದಿನ ಹಿಡಿಯಿತು. ಹೆಂಡತಿ ಚೀಲವನ್ನು ಹಿತ್ತಲಲ್ಲೇ ಬಿಚ್ಚಿಸಿ, "ಲೋಕದ ತುದಿಗೆ ಹೋಗಿ ಮೀನ್ ಪೇಟೆ ಹೊತ್ಕಂಡು ಬಂದ್ರಲ" ಎಂದು ಮೂಗು ಮುಚ್ಚಿಕೊಂಡಿದ್ದಳು.

ನಾನು ಹೊನ್ನಾವರದವನು. ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿ ಕೆಲಕಾಲ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದೆ. ತೊಂಬತ್ತರ ದಶಕದ ಕೊನೆಗೆ, ಕೊಂಕಣ ರೈಲು ಓಡತೊಡಗಿದ ಹೊಸತರಲ್ಲಿ, ಗೋವಾದ ಒಂದು ಸರ್ಕಾರಿ ಕಚೇರಿಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಂದ ಪ್ರತಿ ವರ್ಷ ದಕ್ಷಿಣ ಧ್ರುವದ ಕಡೆಗೆ ಬೇಸಿಗೆಯ ತಂಡ ಹೋಗುತ್ತಿತ್ತು. ಜನರೇಟರ್ ಇಲ್ಲದೆ ತಂಡವಿಲ್ಲ, ಹಾಗಾಗಿ ಒಂದಲ್ಲ ಒಂದು ವರ್ಷ ನನ್ನ ಸರದಿ ಬರಲೇಬೇಕಿತ್ತು. ಎರಡು ಸಾವಿರದ ದಶಕದ ನಡುವೆ ಬಂತು. ಸಾಹಸದ ಹುಮ್ಮಸ್ಸೇನೂ ನನಗಿರಲಿಲ್ಲ. ಹೋಗುವುದಿಲ್ಲ ಎಂದು ಹೇಳಿ ಎಲ್ಲರಿಗೂ ಕಾರಣ ಕೊಡುವುದಕ್ಕಿಂತ ಹೋಗಿ ಬರುವುದೇ ಸುಲಭ ಎನಿಸಿತು, ಅಷ್ಟೇ.

ಅದೇ ತಂಡದಲ್ಲಿ ಅಡುಗೆಗೆ ಮಾದೇವಣ್ಣನ ಹೆಸರಿತ್ತು. ಕುಮಟಾ ಹತ್ತಿರದ ಬಾಡದವನು, ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿದ್ದ. ನನಗಿಂತ ನಾಲ್ಕಾರು ವರ್ಷ ದೊಡ್ಡವನಾದರೂ ನನ್ನನ್ನು ಕರೆಯುವುದು "ನಾಯ್ಕ್ರೇ" ಎಂದೇ. ಅಡುಗೆ ಅವನ ಸಂಬಳದ ಕೆಲಸ; ಮನಸ್ಸಿನ ಕೆಲಸ ಗಜನಿ ಗದ್ದೆಯದು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ತಗ್ಗಿನಲ್ಲಿರುವ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ ಹಾಕಿ ಉಪ್ಪುನೀರನ್ನು ಹೊರಗೆ ನಿಲ್ಲಿಸಿ, ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಅಲ್ಲಿ ಹುಟ್ಟಿ ಬೆಳೆದವನಿಗೆ ನಿಂತ ನೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಗೋವಾದಲ್ಲಿ ಕ್ಯಾಂಟೀನಿನ ಹಿಂದೆ ಮಳೆನೀರು ನಿಂತರೂ ಸಾರಿನ ಸೌಟು ಕೆಳಗಿಟ್ಟು ಪಿಕಾಸಿ ಹಿಡಿದು ಹೊರಟುಬಿಡುತ್ತಿದ್ದ.

ನಾವು ಇಳಿದದ್ದು ದೊಡ್ಡ ನೆಲೆಯಲ್ಲಲ್ಲ, ಹೊಸ ಜಾಗ ನೋಡಲೆಂದು ಹಾಕಿದ ಸಣ್ಣ ಶಿಬಿರದಲ್ಲಿ. ಹೆಪ್ಪುಗಟ್ಟಿದ ಸಮುದ್ರದ ಆಚೆ ಹಡಗು ನಿಂತಿತ್ತು; ಹೆಲಿಕಾಪ್ಟರ್ ನಮ್ಮನ್ನೂ ಸಾಮಾನನ್ನೂ ತಂದು ಬೋಳು ಬಂಡೆಗಳ ಮೇಲೆ ಇಳಿಸಿ ಹೋಯಿತು. ಡೇರೆಗಳು, ಮರದ ಹಲಗೆಯ ಒಂದು ಅಡುಗೆಮನೆ, ನನ್ನ ಜನರೇಟರ್. ಶಿಬಿರದ ಪಕ್ಕದ ಇಳಿಜಾರಿನ ತುಂಬ ಪೆಂಗ್ವಿನ್. ಮೊಣಕಾಲಿನ ಎತ್ತರ, ಕಣ್ಣಿನ ಸುತ್ತ ಬಿಳಿ ಬಳೆ, ನಡೆಯುವ ಗತ್ತು ತಾಲೂಕು ಕಚೇರಿಯ ಹಳೇ ಗುಮಾಸ್ತರದು.

ಸೂರ್ಯ ಮುಳುಗುವುದೇ ಇಲ್ಲ ಎಂದರೆ ಕೇಳುವವರಿಗೆ ಚಂದ. ಅನುಭವಿಸಿದವನಿಗೆ ಅದು ಬರೀ ದಣಿವು. ಮಲಗಿದರೂ ರೆಪ್ಪೆಯೊಳಗೆ ಬೆಳಕು. ಎದ್ದರೂ ಎದ್ದೆನೆಂದು ಅನಿಸದು. ಇಂಜಿನ್ನಿನ ಸದ್ದು, ಹಕ್ಕಿಗಳ ಗಲಾಟೆ ಎರಡೂ ನಿಲ್ಲುವುದಿಲ್ಲ. ಒಂದು ವಾರಕ್ಕೇ ತಲೆ ಚಿಟ್ಟು ಹಿಡಿದು, ಊರಲ್ಲಿ ಕರೆಂಟ್ ಹೋದಾಗಿನ ಕತ್ತಲೆಗೆ ಹಂಬಲಿಸತೊಡಗಿದೆ.

ಶಿಬಿರದಲ್ಲಿ ಪೆಂಗ್ವಿನ್ ನೋಡಲೆಂದೇ ಬಂದವರು ದೀಪಾಲಿ ಮೇಡಂ. ಕೋಲ್ಕತ್ತಾ ಕಡೆಯವರು, ಸಣ್ಣ ಆಳು, ಕಡಿಮೆ ಮಾತು. ಆ ಜಾಗಕ್ಕೆ ಅವರು ಬರುತ್ತಿದ್ದುದು ಮೂರನೆಯ ಬೇಸಿಗೆ. ಇಳಿಜಾರಿನ ಒಂದು ಭಾಗದಲ್ಲಿ ಗೂಡುಗಳ ಪಕ್ಕ ನಂಬರಿನ ಸಣ್ಣ ಗೂಟ ಹೊಡೆದು, ಯಾವ ಗೂಡಿನಲ್ಲಿ ಮೊಟ್ಟೆ, ಯಾವುದರಲ್ಲಿ ಮರಿ, ಯಾವುದು ಸತ್ತಿತು ಎಂದು ದಿನಾ ಬರೆದುಕೊಳ್ಳುತ್ತಿದ್ದರು. ಬಂದ ಮೊದಲ ದಿನವೇ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು: ಹತ್ತಿರ ಹೋಗಬಾರದು, ತಿನ್ನಲು ಹಾಕಬಾರದು, ಒಂದು ಕಲ್ಲನ್ನೂ ಅತ್ತಿತ್ತ ಮಾಡಬಾರದು. ನೋಡುವುದು ಮಾತ್ರ.

ಕಲ್ಲಿನ ವಿಷಯ ಅವರು ಒತ್ತಿ ಹೇಳಲು ಕಾರಣವಿತ್ತು. ಆ ಪೆಂಗ್ವಿನ್‌ಗಳಿಗೆ ಕಲ್ಲೇ ಆಸ್ತಿ. ಹುಲ್ಲು ಕಡ್ಡಿ ಯಾವುದೂ ಇಲ್ಲದ ಊರು. ಬೆಣಚುಕಲ್ಲುಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ತಂದು ಗುಡ್ಡೆ ಮಾಡಿ, ಅದರ ಮೇಲೆ ಎರಡು ಮೊಟ್ಟೆ. ಗುಡ್ಡೆ ಎತ್ತರವಾದಷ್ಟೂ ಹಿಮ ಕರಗಿದ ನೀರು ಮೊಟ್ಟೆಗೆ ತಾಗುವುದಿಲ್ಲ. ನೆರೆಯವನು ಮುಖ ತಿರುಗಿಸಿದರೆ ಸಾಕು, ಅವನ ಗೂಡಿನ ಕಲ್ಲು ಕದ್ದು, ಏನೂ ಆಗಿಲ್ಲವೆಂಬಂತೆ ನಡೆದುಬಿಡುತ್ತವೆ. ಇದನ್ನು ನೋಡಿ ಮಾದೇವಣ್ಣ ನಕ್ಕಿದ್ದೇ ನಕ್ಕಿದ್ದು. "ಥೇಟ್ ನಮ್ಮ ಗದ್ದೆ ಬದಿ ಜನಾನೇ ನಾಯ್ಕ್ರೇ. ವರ್ಷಕ್ಕೊಂದು ಗೇಣು ಬದು ಸರಿಸ್ತಾ ಬತ್ತ್ರು."

ಅಡುಗೆಮನೆಯ ಕಿಟಕಿಯಿಂದ ಕಾಣುವ ಒಂದು ಹಕ್ಕಿಗೆ ಅವನು ಬಾವ ಎಂದು ಹೆಸರಿಟ್ಟಿದ್ದ. ಅದರ ಒಂದು ರೆಕ್ಕೆಯ ಅಂಚು ಹರಿದಿತ್ತು, ಹಾಗಾಗಿ ಗುರುತು ಸಿಗುತ್ತಿತ್ತು. ಆ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಸಮುದ್ರಕ್ಕೆ ಉಣ್ಣಲು ಹೋಗುತ್ತದೆ. ಗಂಡು ಏನೂ ತಿನ್ನದೆ ಕಾವು ಕೊಡುತ್ತಾ ಕೂರಬೇಕು. ಆ ವರ್ಷ ಬಾವನ ಹೆಂಡತಿ ಬರುವುದು ತಡವಾಯಿತು. ಅಕ್ಕಪಕ್ಕದ ಗೂಡುಗಳಲ್ಲಿ ಪಾಳಿ ಬದಲಾಗಿ ಎಷ್ಟೋ ದಿನವಾದರೂ ಇವನು ಕೂತೇ ಇದ್ದ. ಮೈ ಇಳಿದು ಚರ್ಮ ಜೋತಿತ್ತು. ಇನ್ನೂ ತಡವಾದರೆ ಹಸಿವು ತಾಳಲಾರದೆ ಎದ್ದು ಹೋಗುತ್ತದೆ, ಆಗ ಮೊಟ್ಟೆಯನ್ನು ಸ್ಕುವಾ ಎಂಬ ಕಂದು ಹಕ್ಕಿ ಒಯ್ಯುತ್ತದೆ ಎಂದು ಮೇಡಂ ಹೇಳಿದ್ದರು.

"ಬಾವಾ, ಏಳ್ಬೇಡ ಮಾರಾಯ," ಎಂದು ಮಾದೇವಣ್ಣ ಚಪಾತಿ ಲಟ್ಟಿಸುತ್ತಾ ಕಿಟಕಿಯಿಂದಲೇ ಹೇಳುತ್ತಿದ್ದ. "ಇವತ್ತಲ್ಲ ನಾಳೆ ಬತ್ತದು. ಅಕ್ಕ ಪೇಟೆಗೆ ಹೋದ್ರೆ ಹಂಗೇ."

ಅಕ್ಕ ಒಂದು ಮಧ್ಯಾಹ್ನ ಬಂದಳು, ಹೊಟ್ಟೆ ತುಂಬಿಸಿಕೊಂಡು, ಹಿಮದ ಮೇಲೆ ಬೋರಲು ಜಾರಿಕೊಂಡು. ಇಬ್ಬರೂ ಕೊರಳು ಮೇಲೆತ್ತಿ ಕೂಗಿದ್ದೇ ಕೂಗಿದ್ದು. ಮಾದೇವಣ್ಣ ಆ ದಿನ ನಮಗೆಲ್ಲ ಡಬ್ಬಿಯ ಹಾಲಿನಲ್ಲಿ ಪಾಯಸ ಮಾಡಿದ. ಯಾಕೆಂದು ಮೇಡಂಗೆ ಯಾರೂ ಹೇಳಲಿಲ್ಲ. ಅವರು ಎರಡು ಬಟ್ಟಲು ತಿಂದರು.

ಮೊಟ್ಟೆಗಳು ಒಡೆದವು. ಬೂದಿ ಬಣ್ಣದ ಮರಿಗಳು, ಉಣ್ಣೆಯ ಉಂಡೆ. ಬಾವನಿಗೂ ಎರಡು ಹುಟ್ಟಿ, ಒಂದು ಕೆಲವೇ ದಿನಕ್ಕೆ ಸತ್ತು, ಒಂದು ಉಳಿಯಿತು. ಆ ಹೊತ್ತಿಗೇ ಸೆಖೆ ಶುರುವಾದದ್ದು. ಸೆಖೆ ಎಂದರೆ ನಮ್ಮೂರಿನದಲ್ಲ. ಆದರೆ ಹಿಂದೆ ಬಂದು ಹೋದವರೆಲ್ಲ ಜಾಕೆಟ್ ಬಿಚ್ಚಿ ಆಕಾಶ ನೋಡುವಷ್ಟು. ಇಂಥದನ್ನು ಇಲ್ಲಿ ಕಂಡಿಲ್ಲ ಎಂದರು ಮೇಡಂ. ಎಲ್ಲ ಕಡೆಯಿಂದ ನೀರಿನ ಸದ್ದು. ಹಿಮದ ಕೆಳಗೆ, ಬಂಡೆಯ ಸಂದಿಯಲ್ಲಿ, ಡೇರೆಯ ಅಡಿಯಲ್ಲಿ ಗುಳುಗುಳು ಗುಳುಗುಳು. ಮಳೆಗಾಲದ ಊರಿನ ಸದ್ದು ಕೇಳಿ ಮೊದಲು ನನಗೆ ಖುಷಿಯೇ ಆಯಿತು. ಆಮೇಲೆ ಇಳಿಜಾರು ನೋಡಿದೆ.

ಮೇಡಂ ಗೂಟ ಹೊಡೆದಿದ್ದ ಜಾಗದ ನಡುವೆ ಒಂದು ತಗ್ಗು. ಮೇಲಿನ ಹಿಮ ಕರಗಿ ಅಲ್ಲಿ ನಿಲ್ಲತೊಡಗಿತ್ತು. ಬಾವನ ಗೂಡು ಅದರ ಅಂಚಿನಲ್ಲಿತ್ತು. ಹಕ್ಕಿಗಳು ಹುಚ್ಚು ಹಿಡಿದಂತೆ ಕಲ್ಲು ತಂದು ಸುರಿದವು, ಕದ್ದವು, ಮತ್ತೆ ಸುರಿದವು. ನೀರು ಅದಕ್ಕಿಂತ ಬೇಗ ಏರುತ್ತಿತ್ತು. ಮರಿಗಳ ಉಣ್ಣೆ ಚಳಿ ತಡೆಯುತ್ತದೆ, ನೀರು ತಡೆಯುವುದಿಲ್ಲ. ಒದ್ದೆಯಾದ ಮರಿ ನಡುಗಿ ನಡುಗಿ ಸಾಯುತ್ತದೆ. ತಗ್ಗಿನ ನಟ್ಟನಡುವಿನ ಗೂಡುಗಳಲ್ಲಿ ಆಗಲೇ ಸತ್ತಿದ್ದವು. ಸತ್ತ ಮರಿಯ ಮೇಲೆಯೇ ತಾಯಿ ತಂದೆ ಕಾವು ಕೊಡುತ್ತಾ ಕೂತಿದ್ದವು. ನನಗೆ ನೋಡಿ ಸಾಕಾಗಿಹೋಯಿತು.

ಮಾದೇವಣ್ಣ ಊಟ ಬಡಿಸುವುದನ್ನು ಬಿಟ್ಟು ಮೇಡಂ ಮುಂದೆ ನಿಂತ. ಅವನ ಹಿಂದಿ ಕ್ಯಾಂಟೀನಿನ ಹಿಂದಿ. "ಮೇಡಮ್, ಆ ತಗ್ಗಿನ ಬಾಯಿಗೆ ಮೊಳದಗಲ ಜಲ್ಲಿ ಅಡ್ಡ ಇದೆ, ಅಷ್ಟೇ. ಅದನ್ನು ಕಡಿದುಬಿಟ್ಟರೆ ನೀರು ಇಳಿದು ಸಮುದ್ರಕ್ಕೆ ಹೋಗುತ್ತದೆ. ಗೂಡು ಮುಟ್ಟುವುದೇ ಬೇಡ."

"ಬೇಡ," ಎಂದರು ಮೇಡಂ.

"ಮರಿ ಸಾಯ್ತವೆ."

"ಸಾಯುತ್ತವೆ. ನನಗೂ ಕಣ್ಣಿದೆ, ಮಾದೇವ್ ಭಾಯಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ಬಳಲಿಕೆ ಇತ್ತು. "ಈ ಬೆಚ್ಚನೆಯ ಗಾಳಿ ಬಂದರೆ ಇವುಗಳಿಗೆ ಏನಾಗುತ್ತದೆ ಎಂದು ನೋಡಿ ಹೇಳುವುದಕ್ಕೇ ನಾನು ಬಂದದ್ದು. ನಾವು ಕೈ ಹಾಕಿದ ಮೇಲೆ ನಾನು ಹೇಳುವುದು ಯಾವುದೂ ನಿಜವಲ್ಲ. ಈ ಕಡೆಯ ಕರಾವಳಿಯಲ್ಲೆಲ್ಲ ಇಂಥ ತಗ್ಗುಗಳಿವೆ. ಎಲ್ಲ ಕಡೆ ಹೋಗಿ ಕಡಿಯುತ್ತೀರಾ?"

ಅವನು ಒಳಗೆ ಹೋದ. ಪಾತ್ರೆ ಇಡುವ ಸದ್ದಿನಲ್ಲೇ ಅವನ ಮನಸ್ಸು ಕೇಳಿಸುತ್ತಿತ್ತು.

ಮರುದಿನ ಮೇಡಂ ಬೇರೊಂದು ದ್ವೀಪ ನೋಡಲು ಹೆಲಿಕಾಪ್ಟರಿನಲ್ಲಿ ಹೋದರು. ನಾನು ಜನರೇಟರಿನ ಎಣ್ಣೆ ಬದಲಿಸುತ್ತಿದ್ದೆ. ಇದ್ದಕ್ಕಿದ್ದಂತೆ ಇಳಿಜಾರಿನ ಕಡೆಯಿಂದ ಒಂದು ಕೂಗು ಕೇಳಿತು.

"ಹೋಯ್! ನೀರ್ ಬಿಡ್ತೇ ಹೋಯ್!"

ಎಣ್ಣೆಯ ಡಬ್ಬಿ ಅಲ್ಲೇ ಬಿಟ್ಟು ಎದ್ದೆ. ಗಜನಿಯಲ್ಲಿ ಒಂದು ವಾಡಿಕೆಯಿದೆ. ಮಳೆ ಜೋರಾಗಿ ಗದ್ದೆಯಲ್ಲಿ ನೀರು ನಿಂತರೆ, ಇಳಿತದ ಹೊತ್ತು ನೋಡಿ ಬದು ಕಡಿದು ನೀರು ಬಿಡುತ್ತಾರೆ. ಕಡಿಯುವ ಮುಂಚೆ ಕೆಳಗಿನ ಗದ್ದೆಯವರಿಗೆ ಹೀಗೆ ಕೂಗಿ ತಿಳಿಸಬೇಕು. ತಿಳಿಸದೆ ಬಿಟ್ಟರೆ ತಲೆಮಾರಿನ ಜಗಳ. ನೀರು ಇಳಿದ ಮೇಲೆ ಕಡಿದವನೇ ಬಂದು ಮುಚ್ಚಬೇಕು. ಬೇರೆಯವರು ಮುಚ್ಚುವ ಹಾಗಿಲ್ಲ, ಹಾಗೇ ಬಿಟ್ಟು ಹೋಗುವ ಹಾಗೂ ಇಲ್ಲ. ನಾನು ಓಡಿ ಹೋಗಿ ನೋಡಿದಾಗ ಮಾದೇವಣ್ಣ ತಗ್ಗಿನ ಬಾಯಲ್ಲಿ ಪಿಕಾಸಿ ಹಿಡಿದು ನಿಂತು, ಕೆಳಗಿನ ಪೆಂಗ್ವಿನ್‌ಗಳಿಗೆ ಎರಡೂ ಕೈ ಬಾಯಿಗಿಟ್ಟು ಇನ್ನೊಂದು ಸಲ ಕೂಗುತ್ತಿದ್ದ. ಅವು ತಲೆ ಓರೆ ಮಾಡಿ ಅವನನ್ನೇ ನೋಡುತ್ತಿದ್ದವು.

ನೀರು ಆಗಲೇ ಹೊರಟಿತ್ತು. ಅವನು ಕಣ್ಣಳತೆಯಲ್ಲೇ ದಾರಿ ಹಾಕಿದ್ದ. ತಗ್ಗಿನ ಬಾಯಿಂದ ಒಂದು ಹಿಮದ ಹಾಸಿನ ಮೇಲೆ ಸಾಗಿ, ಗೂಡುಗಳಿಲ್ಲದ ಬಂಡೆಯ ಪಕ್ಕದಿಂದ ಸಮುದ್ರದ ಕಡೆಗೆ. ನೋಡನೋಡುತ್ತ ತಗ್ಗು ಬರಿದಾಯಿತು. ಮುಳುಗಿದ್ದ ಕಲ್ಲುಗಳು ಮೇಲೆ ಬಂದವು. ಬಾವ ಎದ್ದು ನಿಂತು ಮೈ ಒದರಿಕೊಂಡ. ಅವನ ಕಾಲ ಸಂದಿಯಲ್ಲಿ ಮರಿ ಬಾಯಿ ಕಳೆಯುತ್ತಿತ್ತು, ಒಣಗಿಯೇ ಇತ್ತು.

"ಕಂಡ್ರ್ಯಾ ನಾಯ್ಕ್ರೇ!" ಮಾದೇವಣ್ಣ ಮಗುವಿನಂತೆ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಇಷ್ಟೇ ಕೆಲ್ಸ. ಇಷ್ಟಕ್ಕೆ ಆ ಮೇಡಮ್ ಜೀವ ತಿಂದ್ರು."

ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ, ಆ ಬೇಸಿಗೆಯಲ್ಲಿ ನನಗೆ ದಣಿವು ಮರೆತದ್ದು ಆ ಒಂದು ಗಳಿಗೆ.

ಆಮೇಲೆ ಕೆಳಗಿನಿಂದ ಕೂಗು ಎದ್ದಿತು, ಹಕ್ಕಿಗಳದು. ಕರಾವಳಿಯ ನಮಗೆ ನೆಲವೆಂದರೆ ನೆಲ, ಅದರ ಮೇಲಿಂದ ನೀರು ಹರಿಯುತ್ತದೆ. ಹಿಮದ ಹಾಸನ್ನು ನಾವಿಬ್ಬರೂ ನೆಲವೆಂದೇ ಎಣಿಸಿದ್ದೆವು. ನೀರು ಅದರ ಮೇಲೆ ನಾಲ್ಕು ಮಾರು ಹೋಗಿ, ಒಂದು ಬಿರುಕಿನಲ್ಲಿ ಒಳಗಿಳಿದು, ಅಡಿಯಲ್ಲಿ ಬೇರೆಯೇ ದಾರಿ ಹಿಡಿದಿತ್ತು. ಕೆಳಗೆ ಒಂದು ಹಂತದ ಮೇಲೆ ಗೂಡುಗಳಿದ್ದವು, ಆವರೆಗೆ ಒಂದು ಹನಿಯೂ ತಾಗದೆ ಒಣಗಿದ್ದವು. ಹಿಮದ ಬುಡದಿಂದ ನೀರು ಒಮ್ಮೆಗೇ ಒಡೆದುಕೊಂಡು ಅವುಗಳ ಮೇಲೆ ಬಂದಿತು. ನಾವು ಹೋಗಿ ನೋಡುವಷ್ಟರಲ್ಲಿ ಮರಿಗಳು ನೆಂದು ಅಂಗೈಯಷ್ಟಾಗಿದ್ದವು. ದೊಡ್ಡವು ಅವನ್ನು ಹೊಟ್ಟೆಯಡಿಗೆ ಎಳೆದುಕೊಳ್ಳಲು ನೋಡುತ್ತಿದ್ದವು.

ಮಾದೇವಣ್ಣ ತಿರುಗಿ ಮೇಲೆ ಓಡಿದ. ಕೈಯಿಂದಲೇ ಜಲ್ಲಿ ಬಾಚಿ ಕಡಿದ ಬಾಯಿಗೆ ತುಂಬತೊಡಗಿದ. ಹೆಲಿಕಾಪ್ಟರ್ ಬಂದದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ. ಮೇಡಂ ಬಂದು ಅವನ ಮುಂದೆ ನಿಂತರು. ಎಲ್ಲ ನೋಡಿದರು, ಮೇಲೆ, ಕೆಳಗೆ, ಪಿಕಾಸಿ, ಅವನ ತರಚಿದ ಬೆರಳು.

"ಮುಟ್ಟಬೇಡಿ," ಎಂದರು.

"ಮುಚ್ತೇನೆ ಮೇಡಮ್. ಕಡಿದವನೇ ಮುಚ್ಚಬೇಕು."

"ಮುಚ್ಚಿದರೆ ನೀರು ಮತ್ತೆ ಇಲ್ಲೇ ನಿಲ್ಲುತ್ತದೆ. ಮೇಲಿನವು ಸಾಯುತ್ತವೆ. ಬಿಟ್ಟರೆ ಕೆಳಗಿನವು. ಯಾವುದು ಸಾಯಬೇಕೆಂದು ನೀವು ಆರಿಸುತ್ತೀರಾ? ನನ್ನಿಂದಾಗುವುದಿಲ್ಲ."

ಅವನಿಗೆ ಹಿಂದಿ ಮರೆತುಹೋಯಿತು. "ಮುಚ್ಚದೆ ಹೋಗುಕೆ ಬತ್ತಿಲ್ಲ ಮೇಡಮ್, ಹಂಗೆ ಹೋಗುಕಾಗ" ಎಂದು ಕನ್ನಡದಲ್ಲೇ ಎರಡು ಮೂರು ಸಲ ಹೇಳಿದ. ಮೇಡಂ ನನ್ನ ಮುಖ ನೋಡಿದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಇಲ್ಲ ಎಂದರು. ಆಮೇಲೆ ಒಂದೊಂದಾಗಿ ತಮ್ಮ ನಂಬರಿನ ಗೂಟಗಳನ್ನು ಕೀಳತೊಡಗಿದರು. ಮೂರು ಬೇಸಿಗೆಯ ಕೆಲಸ. ಆ ಇಳಿಜಾರಿನ ಲೆಕ್ಕ ಇನ್ನು ಯಾವುದಕ್ಕೂ ಬಾರದು ಎಂದು ಅವರು ಯಾರಿಗೂ ವಿವರಿಸಲಿಲ್ಲ. ಗೂಟಗಳನ್ನು ಅಡುಗೆಮನೆಯ ಹಿಂದೆ ತಂದು ಹಾಕಿ, ಡೇರೆಯೊಳಗೆ ಹೋಗಿ ಮಲಗಿದರು.

ಎರಡು ದಿನಕ್ಕೆ ಮಾದೇವಣ್ಣನನ್ನು ಹಡಗಿನ ಅಡುಗೆಗೆ ಕಳಿಸಿದರು. ಶಿಕ್ಷೆ ಎಂದು ಯಾರೂ ಅನ್ನಲಿಲ್ಲ. ಹೋಗುವಾಗ ಹೆಲಿಕಾಪ್ಟರಿನ ಗಾಳಿಯಲ್ಲಿ ನನ್ನ ಕಿವಿಗೆ ಬಾಯಿಟ್ಟು, "ಅದನ್ನ ಒಂಚೂರು ಕಾಣ್ತಾ ಇರಿ" ಎಂದ. ಬಾವನನ್ನೋ ಕಾಲುವೆಯನ್ನೋ ಎಂದು ನಾನು ಕೇಳಲಿಲ್ಲ. ಎರಡೂ ಎಂದೇ ತಿಳಿದೆ.

ಉಳಿದ ದಿನ ನಾನು ಕಂಡದ್ದಿಷ್ಟು. ಸೆಖೆ ಇಳಿಯಲಿಲ್ಲ. ಮೇಲಿನಿಂದ ನೀರು ಬರುತ್ತಲೇ ಇತ್ತು, ಕಡಿದ ಬಾಯಿ ತಾನೇ ಅಗಲವಾಗುತ್ತ ಹೋಯಿತು. ಕೆಳಗಿನ ಹಂತದಲ್ಲಿ ಗೂಡುಗಳು ಖಾಲಿಯಾದವು. ಬಾವನ ಮರಿ ಬದುಕಿತು. ಸ್ವಲ್ಪ ದೊಡ್ಡದಾದ ಮೇಲೆ ಬೇರೆ ಮರಿಗಳ ಜತೆ ಗುಂಪಿಗೆ ಸೇರಿತು. ಸೇರಿದ ಮೇಲೆ ಯಾವುದು ಯಾವುದೆಂದು ಗುರುತಿಸಲು ನನ್ನಿಂದಾಗಲಿಲ್ಲ. ದಿನಾ ವೈರ್‌ಲೆಸ್ಸಿನಲ್ಲಿ ಹಡಗಿನ ಜತೆ ಮಾತಾಡುವ ಹೊತ್ತಿಗೆ, ಡೀಸೆಲ್ ವಿಷಯ ಮುಗಿದ ಮೇಲೆ ಮಾದೇವಣ್ಣನ ದನಿ ಬರುತ್ತಿತ್ತು. "ನಾಯ್ಕ್ರೇ, ಕಾಲ್ವೆ ಎಂತಾತು?" ಕೇಳುವವರಿಗೆಲ್ಲ ಅದೇನೋ ಗುಟ್ಟಿನ ಭಾಷೆ ಎನಿಸುತ್ತಿತ್ತಂತೆ. ನಾನು "ಇದ್ದಾಂಗೇ ಇತ್ತು" ಎನ್ನುತ್ತಿದ್ದೆ. ಮರಿಗಳಿಗೆ ರೆಕ್ಕೆ ಬಲಿಯುವ ಮೊದಲೇ ನಾವು ಶಿಬಿರ ಕಿತ್ತೆವು.

ಊರಿಗೆ ಬಂದ ಮೇಲೆ ಮಾದೇವಣ್ಣ ಕ್ಯಾಂಟೀನಿನಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಬಾಡಕ್ಕೆ ಮರಳಿ ಗಜನಿ ನೋಡಿಕೊಂಡು ಕೂತ. ನಾನು ರಜೆಗೆ ಹೊನ್ನಾವರಕ್ಕೆ ಬಂದಾಗ ಒಂದು ಸಲ ಹೋಗಿ ಬರುತ್ತಿದ್ದೆ. ದೂರುವ ಸ್ವಭಾವ ಅವನದಲ್ಲ. ಆದರೆ ಬೇರೇನೋ ಮಾತಿನ ನಡುವೆ, "ಮುಚ್ಚಿ ಬರ್ಬೇಕಿತ್ತು" ಎನ್ನುತ್ತಿದ್ದ.

ಎರಡು ವರ್ಷದ ಮೇಲೆ ದೀಪಾಲಿ ಮೇಡಂ ಯಾವುದೋ ಸಭೆಗೆ ಗೋವಾಕ್ಕೆ ಬಂದರು. ನನ್ನನ್ನು ಹುಡುಕಿಕೊಂಡು ಜನರೇಟರ್ ಕೋಣೆಗೇ ಬಂದು, "ಮಾದೇವ್ ಭಾಯಿಯ ಊರಿಗೆ ಕರೆದುಕೊಂಡು ಹೋಗುತ್ತೀರಾ?" ಎಂದು ಕೇಳಿದರು. ಭಾನುವಾರ ಪ್ಯಾಸೆಂಜರ್ ಹತ್ತಿ ಕುಮಟಾದಲ್ಲಿ ಇಳಿದು, ರಿಕ್ಷಾ ಹಿಡಿದು ಬಾಡಕ್ಕೆ ಹೋದೆವು. ಮಾದೇವಣ್ಣನ ಹೆಂಡತಿ ಗಾಬರಿಯಿಂದ ಜಗಲಿಗೆ ಹೊಸ ಚಾಪೆ ಹಾಸಿದರು. ಕಗ್ಗದ ಕುಚ್ಚಲಕ್ಕಿ ಅನ್ನ, ಬಳಚಿನ ಸುಕ್ಕ, ಮೀನಿನ ಹುಳಿ. ಬಂಗಾಳದವರಿಗೆ ಇನ್ನೇನು ಬೇಕು? ಮೇಡಂ ಬಳಚಿನ ಚಿಪ್ಪನ್ನು ಒಂದೊಂದಾಗಿ ಚೀಪಿ ಸಾಲಾಗಿ ಇಟ್ಟರು. ಆ ಬೇಸಿಗೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೈ ತೊಳೆದು ಬಂದ ಮೇಲೆ ಮಾದೇವಣ್ಣ ನೆಲ ನೋಡುತ್ತಾ ಕೇಳಿದ.

"ಮೇಡಮ್, ಮತ್ತೆ ಆ ಕಡೆ ಹೋಗಿದ್ದಿರಾ?"

"ಹೋಗಿದ್ದೆ. ಹಿಂದಿನ ಬೇಸಿಗೆಗೆ."

"ಆ ಕಾಲುವೆ?"

ಮೇಡಂ ಸೆರಗಿಗೆ ಕೈ ಒರೆಸಿಕೊಂಡರು. "ಮುಚ್ಚಿಹೋಗಿದೆ, ಮಾದೇವ್ ಭಾಯಿ. ಆ ಚಳಿಗಾಲದ ಹಿಮಕ್ಕೇ ಮುಚ್ಚಿಹೋಯಿತು. ಅಲ್ಲಿ ಏನಾಗಿತ್ತೆಂದೇ ಗೊತ್ತಾಗುವುದಿಲ್ಲ. ನಿಮ್ಮ ಬಾವನೂ ಬಂದಿದ್ದ. ಅದೇ ಜಾಗದಲ್ಲಿ ಗೂಡು ಕಟ್ಟಿದ್ದ."

ಮಾದೇವಣ್ಣನ ಮುಖ ಒಂದು ಗಳಿಗೆ ಏನೂ ತೋರಿಸಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ, ಮೇಡಂಗೆ ಒಯ್ಯಲು ಕಗ್ಗದ ಅಕ್ಕಿ ಕಟ್ಟಿ ತಂದ.

ಕುಮಟಾ ಸ್ಟೇಷನ್ನಿನ ಬೆಂಚಿನ ಮೇಲೆ, ವಾಪಸು ರೈಲಿಗೆ ಕಾಯುತ್ತಾ, ನಾನು ಒಳ್ಳೆಯದಾಯಿತು ಎಂದೆ. ಮೇಡಂ ಅಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅದು ಮುಚ್ಚಿಲ್ಲ," ಎಂದರು. "ಈಗ ಆಳೆತ್ತರ ಆಗಿದೆ. ಪ್ರತಿ ಬೇಸಿಗೆ ಕೊರೆಯುತ್ತಾ ಹೋಗುತ್ತಿದೆ. ಮೇಲಿನ ಗೂಡುಗಳೂ ಕುಸಿದುಹೋದವು. ಆ ಇಳಿಜಾರಿನಲ್ಲಿ ಈಗ ಒಂದು ಹಕ್ಕಿಯೂ ಇಲ್ಲ."

ನಾನು ಅವರ ಕಡೆ ತಿರುಗಿ ಕೂತೆ.

"ಅವರು ಕಡಿಯದಿದ್ದರೂ ಇವತ್ತಲ್ಲ ನಾಳೆ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತಿತ್ತು. ಬೇರೆ ಕಡೆ ಹಾಗೇ ಆಗಿದೆ, ಯಾರೂ ಕಡಿಯದೆ. ಅದನ್ನು ಅವರಿಗೆ ಹೇಳಬಹುದಿತ್ತು. ನಂಬುತ್ತಿರಲಿಲ್ಲ." ಅಕ್ಕಿಯ ಗಂಟನ್ನು ಬಿಗಿ ಮಾಡಿಕೊಂಡರು. "ನಾನು ನನ್ನ ಜೀವಮಾನದಲ್ಲಿ ಒಂದು ಮೊಟ್ಟೆಯ ಲೆಕ್ಕವನ್ನೂ ತಪ್ಪು ಹೇಳಿದವಳಲ್ಲ. ಇವತ್ತು ನಿಜ ಹೇಳಿ ಹೇಳಿ ಸಾಕಾಗಿತ್ತು."

ಅಂದಿನಿಂದ ಆ ಸುಳ್ಳು ನನ್ನ ಪಾಲಿಗೂ ಬಂತು. ಮೇಡಂ ಮತ್ತೆ ಈ ಕಡೆ ಬರಲಿಲ್ಲ. ನಾನು ನಿವೃತ್ತನಾಗಿ ಹೊನ್ನಾವರಕ್ಕೆ ಬಂದೆ. ವರ್ಷಕ್ಕೆ ಒಂದೆರಡು ಸಲ ಬಾಡಕ್ಕೆ ಹೋದರೆ ಮಾದೇವಣ್ಣ ಕೇಳಿಯೇ ಕೇಳುತ್ತಾನೆ, "ಆ ಕಾಲ್ವೆ ಮುಚ್ಚೇ ಇತ್ತಲ ನಾಯ್ಕ್ರೇ?" ನಾನು "ಮುಚ್ಚೇ ಇತ್ತು ಮಾದೇವಣ್ಣ" ಎನ್ನುತ್ತೇನೆ. ಮೊದಮೊದಲು ಹೇಳಲು ಕಷ್ಟವಾಗುತ್ತಿತ್ತು. ಈಗ ಊಟ ಆಯಿತಾ ಎಂದು ಕೇಳಿದರೆ ಆಯಿತು ಎಂದ ಹಾಗೆ ಬಾಯಿಗೆ ಬರುತ್ತದೆ.

ಟೊಂಕದಿಂದ ಬಂದ ಮರುದಿನ ಮನಸ್ಸು ತಡೆಯದೆ ಬಾಡಕ್ಕೆ ಹೋದೆ. ಮಾದೇವಣ್ಣ ಗಜನಿಯ ಕಟ್ಟೆಯ ಮೇಲೆ ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿದೆ. ಈಚೆಗೆ ಉಬ್ಬರ ಮೊದಲಿಗಿಂತ ಮೇಲೆ ಬರುತ್ತದಂತೆ, ಕಟ್ಟೆಗೆ ಎಷ್ಟು ಮಣ್ಣು ಹಾಕಿದರೂ ಸಾಲುವುದಿಲ್ಲವಂತೆ. ಕೆಸರು ಎತ್ತಿ ಹಾಕುತ್ತಲೇ ಅವನು ಎಂದಿನಂತೆ ಕೇಳಿದ. ನಾನು ಎಂದಿನಂತೆ ಹೇಳಿದೆ.

ಅವನು ಸೊಂಟ ಹಿಡಿದುಕೊಂಡು ನೆಟ್ಟಗಾದ. "ಮುಚ್ಚಿದ್ದೇ ಹೌದಾಗಿದ್ರೆ ಮೇಡಮ್ ಅಷ್ಟು ದೂರ್ದಿಂದ ಬಂದು ಹೇಳ್ಬೇಕಾಗಿರ್ಲಿಲ್ಲ ನಾಯ್ಕ್ರೇ."

ನಾನು ತಡವರಿಸಿದೆ. "ಮತ್ತೆ ನೀನು ವರ್ಷಾವರ್ಷ ಕೇಳುದೆಂತಕ್ಕೆ?"

"ಒಂದ್ಸಲ ಆದ್ರೂ ನಿಜ ಹೇಳ್ತ್ರೇನೋ ಅಂತ."

ಉಬ್ಬರ ಏರುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಕಾಲುವೆ ಆಳೆತ್ತರವಾದದ್ದು, ಮೇಲಿನ ಗೂಡುಗಳೂ ಹೋದದ್ದು, ಇಳಿಜಾರು ಬರಿದಾದದ್ದು, ಯಾರೂ ಕಡಿಯದ ಕಡೆಗಳಲ್ಲೂ ಹಾಗೇ ಆದದ್ದು. ಅವನು ಕೆಸರಿನ ಕೈ ತೊಳೆಯದೆ ಕೇಳಿಸಿಕೊಂಡ.

"ಬಾವ?" ಎಂದ ಕೊನೆಗೆ.

"ಗೊತ್ತಿಲ್ಲ ಮಾದೇವಣ್ಣ. ಯಾರಿಗೂ ಗೊತ್ತಿಲ್ಲ."

ಅವನು ಸಲಿಕೆ ಎತ್ತಿಕೊಂಡ.

"ಆತು," ಎಂದ. "ಇನ್ನು ಕೇಳುದಿಲ್ಲ."